ಎಸ್‌ಆರ್-22: ಒಂದು ದಿನವೂ ಕಡಿಯಬಾರದ ಜಾಮೀನು

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದೇನೆ. ಕಳೆದ ನವೆಂಬರಿನಲ್ಲಿ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಹಿಂದಿರುಗುವಾಗ ಪೊಲೀಸರು ತಡೆದರು. ಕುಡಿದು ವಾಹನ ಚಲಾಯಿಸಿದ ಪ್ರಕರಣ, ಅಂದರೆ ಡಿಯುಐ, ದಾಖಲಾಯಿತು. ಇದೇ ಮೊದಲ ಸಲ, ಯಾರಿಗೂ ಪೆಟ್ಟಾಗಲಿಲ್ಲ. ನ್ಯಾಯಾಲಯದ ಕೆಲಸ ಮುಗಿದಿದೆ. ಈಗ ಡಿಎಂವಿ, ಅಂದರೆ ರಾಜ್ಯದ ಮೋಟಾರು ವಾಹನ ಇಲಾಖೆ, ಪತ್ರ ಬರೆದು ‘ಎಸ್‌ಆರ್-22’ ಕೇಳುತ್ತಿದೆ. ನನ್ನ ವಿಮಾ ಕಂಪನಿ ಅದನ್ನು ಸಲ್ಲಿಸುವುದಿಲ್ಲವಂತೆ. ಇಪ್ಪತ್ತೈದು ಡಾಲರಿಗೆ ಮಾಡಿಕೊಡುತ್ತೇವೆ ಎನ್ನುವ ಜಾಹೀರಾತುಗಳು ಬರುತ್ತಿವೆ, ನಂಬಬಹುದೇ? ನನ್ನ ಕಾರು ಮಾರಿ, ಅಗತ್ಯ ಬಿದ್ದಾಗ ಹೆಂಡತಿಯ ಕಾರು ಓಡಿಸಿದರೆ ಈ ರಗಳೆ ತಪ್ಪುತ್ತದೆಯೇ? ಜುಲೈಯಲ್ಲಿ ತಂದೆಯವರ ಶಸ್ತ್ರಚಿಕಿತ್ಸೆಗೆಂದು ಎರಡು ತಿಂಗಳು ಹಾಸನಕ್ಕೆ ಹೋಗಬೇಕು. ಅಷ್ಟು ದಿನ ವಿಮೆ ನಿಲ್ಲಿಸಬಹುದೇ? ವೀಸಾಕ್ಕೆ ಇದರಿಂದ ತೊಂದರೆ ಇದೆಯೇ? ಪ್ರಕರಣದ ವಿಷಯ ಹೆಂಡತಿಗೆ ಗೊತ್ತು. ಡಿಎಂವಿಯ ಪತ್ರದ ವಿಷಯ ಇನ್ನೂ ಹೇಳಿಲ್ಲ.

ಉತ್ತರ: ಮೊದಲು ಜುಲೈ ತಿಂಗಳ ಮಾತು, ಏಕೆಂದರೆ ನಿಮ್ಮ ಯೋಚನೆಗಳಲ್ಲಿ ಹೆಚ್ಚು ಅಪಾಯದ್ದು ಅದೇ. ವಿಮೆ ನಿಲ್ಲಿಸಬೇಡಿ. ಎರಡು ತಿಂಗಳ ಮಾತಿರಲಿ, ಎರಡು ದಿನಕ್ಕೂ ಬೇಡ. ಎಸ್‌ಆರ್-22 ಎಂದರೇನು ಎಂಬುದು ತಿಳಿದರೆ ಇದಕ್ಕೆ ಕಾರಣವೂ ತಿಳಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಬೇ ಏರಿಯಾದಲ್ಲಿ ವಿಮಾ ಬ್ರೋಕರ್ ಆಗಿ ನನಗೆ ಹತ್ತೊಂಬತ್ತು ವರ್ಷ. ಡಿಎಂವಿಯ ಈ ಪತ್ರ ಹಿಡಿದು ಬರುವ ನಮ್ಮವರು ಸಾಮಾನ್ಯವಾಗಿ ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೇಜಿನ ಮೇಲೆ ಬಿಡಿಸುವ ಮುನ್ನ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಅವರಲ್ಲಿ ಬಹುಪಾಲು ಜನ ಕೇಳುವುದು ಒಂದೇ ಮಾತು: ‘ಈ ಎಸ್‌ಆರ್-22 ವಿಮೆ ನಿಮ್ಮಲ್ಲಿ ಸಿಗುತ್ತದೆಯೇ?’

ಅದು ವಿಮೆಯೇ ಅಲ್ಲ. ಸಾಲ ತೆಗೆದುಕೊಳ್ಳುವವನ ಪರವಾಗಿ ಊರಿನ ಹಿರಿಯರೊಬ್ಬರು ಜಾಮೀನು ನಿಲ್ಲುತ್ತಾರಲ್ಲ, ಹಾಗೆ ನಿಮ್ಮ ವಿಮಾ ಕಂಪನಿ ರಾಜ್ಯ ಸರ್ಕಾರದ ಎದುರು ನಿಮ್ಮ ಪರವಾಗಿ ಸಹಿ ಹಾಕಿಕೊಡುವ ಒಂದು ಪುಟದ ಪ್ರಮಾಣಪತ್ರ ಅದು. ಎಸ್‌ಆರ್ ಎಂದರೆ ಸೇಫ್ಟಿ ರೆಸ್ಪಾನ್ಸಿಬಿಲಿಟಿ. ನಮೂನೆಯಲ್ಲಿ ಹೆಚ್ಚೇನೂ ಇಲ್ಲ: ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಚಾಲನಾ ಪರವಾನಗಿಯ ಸಂಖ್ಯೆ, ಪಾಲಿಸಿ ಸಂಖ್ಯೆ, ಯಾವ ದಿನದಿಂದ ಜಾರಿ, ಮಾಲೀಕನ ಪಾಲಿಸಿಯೋ ಚಾಲಕನದೋ ಎಂದು ಗುರುತು ಹಾಕುವ ಚೌಕ, ಕೊನೆಯಲ್ಲಿ ಕಂಪನಿಯ ಸಹಿ. ಈಗ ಬಹುತೇಕ ಕಂಪನಿಗಳು ಇದನ್ನು ಕಂಪ್ಯೂಟರ್ ಮೂಲಕವೇ ನೇರವಾಗಿ ಡಿಎಂವಿಗೆ ಕಳುಹಿಸುತ್ತವೆ. ಆ ಕಾಗದದಲ್ಲಿ ಒಂದು ಸಂಗತಿಯನ್ನು ನಾನು ಎಲ್ಲರಿಗೂ ಬೆರಳಿಟ್ಟು ತೋರಿಸುತ್ತೇನೆ. ಶುರುವಾಗುವ ದಿನಾಂಕಕ್ಕೆ ಜಾಗವಿದೆ, ಮುಗಿಯುವ ದಿನಾಂಕಕ್ಕೆ ಜಾಗವಿಲ್ಲ. ರದ್ದಾಗುವವರೆಗೂ ಜಾರಿಯಲ್ಲಿರುತ್ತದೆ ಎಂದಷ್ಟೇ ಬರೆದಿರುತ್ತದೆ.

ಅಂದರೆ ಕಂಪನಿ ಸರ್ಕಾರಕ್ಕೆ ಕೊಡುವ ಮಾತು ಎರಡು ತೆರನಾದದ್ದು. ಈ ಮನುಷ್ಯನಿಗೆ ಕಾನೂನು ಕೇಳುವಷ್ಟು ವಿಮೆ ಇದೆ ಎಂಬುದು ಒಂದು. ಆ ವಿಮೆ ನಿಂತ ಕೂಡಲೇ ಸರ್ಕಾರಕ್ಕೆ ತಿಳಿಸುತ್ತೇವೆ ಎಂಬುದು ಇನ್ನೊಂದು. ಹಾಗೆ ತಿಳಿಸುವ ನಮೂನೆಗೆ ಎಸ್‌ಆರ್-26 ಎಂದು ಹೆಸರು. ಕಂತು ಕಟ್ಟದೆ ಪಾಲಿಸಿ ಬಿದ್ದುಹೋದರೂ, ನೀವೇ ರದ್ದು ಮಾಡಿದರೂ, ನವೀಕರಣ ತಪ್ಪಿದರೂ ಆ ನಮೂನೆ ಡಿಎಂವಿಗೆ ಹೋಗುತ್ತದೆ. ಅದು ತಲುಪಿದ ಮೇಲೆ ನಿಮ್ಮ ಪರವಾನಗಿ ಅಮಾನತಾಗುತ್ತದೆ. ಕಾರಣ ಯಾರೂ ಕೇಳುವುದಿಲ್ಲ. ತಂದೆಯ ಶಸ್ತ್ರಚಿಕಿತ್ಸೆಯನ್ನು ಆ ಕಂಪ್ಯೂಟರ್‌ಗೆ ವಿವರಿಸುವ ದಾರಿಯೂ ಇಲ್ಲ.

ನಮ್ಮವರಿಗೆ ಇದು ಬೇಗ ಅರ್ಥವಾಗದಿರುವುದಕ್ಕೆ ಕಾರಣವಿದೆ. ಭಾರತದಲ್ಲಿ ವಿಮೆ ಗಾಡಿಯದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಇರಬೇಕು. ಆ ವಿಮೆಯ ದರವನ್ನು ನಿಗದಿ ಮಾಡುವುದೂ ಸರ್ಕಾರವೇ. 2022ರ ಅಧಿಸೂಚನೆಯಲ್ಲಿ 1000 ಸಿಸಿಗಿಂತ ಕಡಿಮೆ ಸಾಮರ್ಥ್ಯದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. ಓಡಿಸುವವನು ಮೂವತ್ತು ವರ್ಷ ಒಂದು ಗೀರೂ ಬೀಳಿಸದವನಾಗಿರಲಿ, ಕುಡಿದು ಸಿಕ್ಕಿಬಿದ್ದವನಾಗಿರಲಿ, ಅದೇ ದರ. ಇಲ್ಲಿ ಲೆಕ್ಕವೇ ಬೇರೆ. ಪಾಲಿಸಿಯಲ್ಲಿ ಕಾರಿನ ಹೆಸರಿದ್ದರೂ ಬೆಲೆ ಕಟ್ಟುವುದು ಮನುಷ್ಯನಿಗೆ, ಎಸ್‌ಆರ್-22 ಅಂಟಿಕೊಳ್ಳುವುದು ಅವನ ಪರವಾನಗಿಗೆ. ಇನ್ನೊಂದು ಮಾತು ಗಮನಿಸಿ: ಮದ್ಯದ ಮಿತಿ ನಮ್ಮಲ್ಲೇ ಹೆಚ್ಚು ಬಿಗಿ. ಭಾರತದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಕ್ಯಾಲಿಫೋರ್ನಿಯಾದಲ್ಲಿ 80. ಅಮೆರಿಕದಲ್ಲಿ ಎಲ್ಲಕ್ಕಿಂತ ಬಿಗಿಯಾದ ಯೂಟಾ ರಾಜ್ಯದಲ್ಲೂ 50. ಆದರೆ ಬೆಂಗಳೂರಿನಲ್ಲಿ ದಂಡ ಕಟ್ಟಿದ ಮೇಲೆ ಬಹುತೇಕ ಮುಗಿದುಹೋಗುವ ವಿಷಯ ಇಲ್ಲಿ ವರ್ಷಗಟ್ಟಲೆ ಬೆನ್ನಿಗಿರುತ್ತದೆ.

ಇದರ ಹಿಂದೆ ನೂರು ವರ್ಷದ ಇತಿಹಾಸವಿದೆ. ಕಾರುಗಳು ಹೆಚ್ಚಾಗಿ, ಅಪಘಾತದಲ್ಲಿ ಗಾಯಗೊಂಡವರು ಪರಿಹಾರವಿಲ್ಲದೆ ಉಳಿಯುತ್ತಿದ್ದ ಕಾಲದಲ್ಲಿ, 1925ರಲ್ಲಿ, ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತು. ಎಲ್ಲರೂ ವಿಮೆ ಮಾಡಿಸಬೇಕು ಎಂದು ಅದು ಹೇಳಲಿಲ್ಲ. ಒಮ್ಮೆ ತಪ್ಪು ಮಾಡಿದವನು ಮುಂದೆ ಆಗಬಹುದಾದ ನಷ್ಟ ತುಂಬುವ ಶಕ್ತಿ ತನಗಿದೆ ಎಂದು ತೋರಿಸಬೇಕು ಎಂದಿತು. ಪಕ್ಕದ ಮ್ಯಾಸಚೂಸೆಟ್ಸ್ 1927ರಿಂದ ಎಲ್ಲ ವಾಹನಗಳಿಗೂ ವಿಮೆ ಕಡ್ಡಾಯ ಮಾಡಿತು. ಕಾಲಕ್ರಮದಲ್ಲಿ ಹೆಚ್ಚಿನ ರಾಜ್ಯಗಳು ಎರಡನೆಯ ದಾರಿ ಹಿಡಿದವು, ಆದರೆ ಮೊದಲಿನದನ್ನೂ ಬಿಡಲಿಲ್ಲ. ಎಸ್‌ಆರ್-22 ಆ ಮೊದಲ ಕಾನೂನಿನ ವಂಶದ್ದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇಂದಿಗೂ ಸಾಮಾನ್ಯ ಚಾಲಕನಿಗೆ ವಿಮೆ ಕಡ್ಡಾಯವಿಲ್ಲ, ಕುಡಿದು ಓಡಿಸುವಂತಹ ತಪ್ಪು ಮಾಡಿದವನು ಮಾತ್ರ ಎಸ್‌ಆರ್-22 ಕೊಡಬೇಕು. ಈ ಕಾಗದ ಯಾರಿಗಾಗಿ ಹುಟ್ಟಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ನಾಳೆ ನಿಮ್ಮ ಕಾರಿಗೆ ಅಡ್ಡ ಬರಬಹುದಾದ, ನಿಮಗೆ ಪರಿಚಯವೇ ಇಲ್ಲದ ಮನುಷ್ಯನಿಗಾಗಿ. ಡಿಎಂವಿ ನಿಮ್ಮ ಮೇಲೆ ಹಗೆ ಸಾಧಿಸುತ್ತಿದೆ ಎಂದು ದಯವಿಟ್ಟು ತಿಳಿಯಬೇಡಿ.

ಈಗ ಇಪ್ಪತ್ತೈದು ಡಾಲರಿನ ಜಾಹೀರಾತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಪ್ರಮಾಣಪತ್ರ ಸಲ್ಲಿಸುವ ಶುಲ್ಕ ಸಾಮಾನ್ಯವಾಗಿ 15ರಿಂದ 50 ಡಾಲರ್ ಒಳಗೇ ಇರುತ್ತದೆ. ನಿಜವಾದ ಖರ್ಚು ಅದರ ಹಿಂದಿರುವ ಪಾಲಿಸಿಯದು, ಮತ್ತು ಅದು ಏರುವುದು ಎಸ್‌ಆರ್-22ರಿಂದಲ್ಲ, ಡಿಯುಐನಿಂದ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರು ಒಪ್ಪಿದ 103ನೇ ಪ್ರಸ್ತಾವದ ಪ್ರಕಾರ ಒಳ್ಳೆಯ ಚಾಲಕರಿಗೆ ಕನಿಷ್ಠ ಶೇ 20 ರಿಯಾಯಿತಿ ಕೊಡಲೇಬೇಕು. ಡಿಯುಐ ಆದವರಿಗೆ ಹತ್ತು ವರ್ಷ ಆ ರಿಯಾಯಿತಿ ಇಲ್ಲ. ಎಸ್‌ಆರ್-22 ಮೂರು ವರ್ಷಕ್ಕೆ ಮುಗಿದರೂ ಈ ಬಿಸಿ ಮುಂದುವರಿಯುತ್ತದೆ ಎಂಬುದು ಗೊತ್ತಿದ್ದರೆ ಮನೆಯ ಲೆಕ್ಕ ಹಾಕಿಕೊಳ್ಳಲು ಅನುಕೂಲ. ಅದೇ ಪ್ರಸ್ತಾವದಲ್ಲಿ ನಿಮಗೆ ನೆರವಾಗುವ ಅಂಶವೂ ಇದೆ. ದರ ನಿಗದಿಗೆ ಮೊದಲು ಚಾಲನೆಯ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿ, ನಂತರ ಚಾಲನೆಯ ಅನುಭವ ಎಂಬ ಕ್ರಮವನ್ನು ಅದು ಗೊತ್ತುಮಾಡಿದೆ. ದಾಖಲೆಯನ್ನು ಈಗ ಬದಲಿಸಲಾಗದು, ಮೈಲಿಯನ್ನು ಬದಲಿಸಬಹುದು. ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗುವವರು ಹಳೆಯ ಪಾಲಿಸಿಯಲ್ಲಿ ಬರೆಸಿದ ಮೈಲಿಯನ್ನೇ ಮುಂದುವರಿಸಿರುತ್ತಾರೆ. ನಿಜವಾಗಿ ಓಡಿಸುವಷ್ಟನ್ನೇ ಹೇಳಿ, ಅದಕ್ಕೆ ತಕ್ಕ ದರ ಕೇಳಿ.

ಜಾಹೀರಾತು ಕೊಟ್ಟವರು ನಂಬಿಕಸ್ಥರೇ ಎಂದು ನೋಡುವುದಕ್ಕೆ ಒಂದು ಸರಳ ದಾರಿಯಿದೆ. ಈ ರಾಜ್ಯದಲ್ಲಿ ವಿಮಾ ಏಜೆಂಟ್ ತನ್ನ ಜಾಹೀರಾತಿನಲ್ಲೂ ಕಾರ್ಡಿನಲ್ಲೂ ಲೈಸೆನ್ಸ್ ಸಂಖ್ಯೆ ಮುದ್ರಿಸಲೇಬೇಕು. ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಕ್ತಿಯ ವಿವರ ಬರುತ್ತದೆ. ಸಂಖ್ಯೆ ಇಲ್ಲದ ಕಡೆ ಹಣ ಕಟ್ಟಬೇಡಿ. ನಾಚಿಕೆಯಿಂದಾಗಿ ಪರಿಚಯದ ಏಜೆಂಟರನ್ನು ಬಿಟ್ಟು, ಮುಖವಿಲ್ಲದ ಜಾಲತಾಣಕ್ಕೆ ಕಾರ್ಡ್ ಸಂಖ್ಯೆ ಕೊಟ್ಟು, ಮೂರು ವಾರವಾದರೂ ಡಿಎಂವಿಗೆ ಏನೂ ತಲುಪಿಲ್ಲವೆಂದು ಕಣ್ಣೀರು ಹಾಕುತ್ತ ಬಂದವರನ್ನು ನಾನು ನೋಡಿದ್ದೇನೆ. ನಾವು ದಿನವೂ ಇಂತಹ ಕಾಗದಗಳನ್ನು ಸಲ್ಲಿಸುತ್ತೇವೆ. ನಿಮ್ಮದನ್ನು ನೋಡಿ ಯಾರೂ ನಿಮ್ಮ ಮರ್ಯಾದೆ ಅಳೆಯುವುದಿಲ್ಲ.

ನಿಮ್ಮ ಕಂಪನಿ ಸಲ್ಲಿಸುವುದಿಲ್ಲ ಎಂದದ್ದು ಅಸಹಜವಲ್ಲ. ಕೆಲವು ಕಂಪನಿಗಳು ಈ ಬಗೆಯ ಚಾಲಕರನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕಂಪನಿಗಳೂ ಸಾಕಷ್ಟಿವೆ. ಒಬ್ಬ ಬ್ರೋಕರ್ ಮೂಲಕ ನಾಲ್ಕೈದು ಕಡೆಯ ದರ ತರಿಸಿ ನೋಡಿ, ವ್ಯತ್ಯಾಸ ದೊಡ್ಡದಿರುತ್ತದೆ. ಯಾರೂ ಕೊಡದಿದ್ದರೆ ಕೊನೆಯ ದಾರಿಯಾಗಿ ಕ್ಯಾಲಿಫೋರ್ನಿಯಾ ಆಟೊಮೊಬೈಲ್ ಅಸೈನ್ಡ್ ರಿಸ್ಕ್ ಪ್ಲಾನ್ ಇದೆ. ಅದರಡಿ ನಿಮ್ಮನ್ನು ಯಾವುದಾದರೂ ಒಂದು ಕಂಪನಿಗೆ ಹಂಚುತ್ತಾರೆ, ಆ ಕಂಪನಿ ಒಲ್ಲೆ ಎನ್ನುವಂತಿಲ್ಲ. ಒಂದು ಎಚ್ಚರಿಕೆ: ಹೊಸ ಪಾಲಿಸಿ ಜಾರಿಗೆ ಬರುವ ಮೊದಲು ಹಳೆಯದನ್ನು ರದ್ದು ಮಾಡಬೇಡಿ. ಒಂದು ದಿನ ಎರಡೂ ಇದ್ದರೆ ನಷ್ಟವಾಗುವುದು ಕೆಲವು ಡಾಲರ್ ಮಾತ್ರ.

ಸಲ್ಲಿಕೆಯಾದ ಮೇಲೆ ಅದರ ಪ್ರತಿ ಕೇಳಿ ಪಡೆದು, ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ಇದು ನಮ್ಮವರಿಗೆ ಮಾತ್ರ ಹೇಳುವ ಮಾತು. ಊರ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಸೇರಿ ನಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಪರವಾನಗಿಯಲ್ಲಿ ಒಂದು ಬಗೆ, ಕಚೇರಿಯ ದಾಖಲೆಯಲ್ಲಿ ಇನ್ನೊಂದು ಬಗೆ ಇರುತ್ತದೆ. ವಿಮೆಯವರ ಫಾರಂನಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಮೊದಲ ಹೆಸರು ಕುಳಿತುಬಿಡುತ್ತದೆ. ಡಿಎಂವಿಯ ಕಡತದಲ್ಲಿರುವ ಹೆಸರು, ಸಂಖ್ಯೆಗಳಿಗೆ ಹೊಂದದಿದ್ದರೆ ಪ್ರಮಾಣಪತ್ರ ನಿಮ್ಮ ಪರವಾನಗಿಗೆ ಸೇರದೆ ಉಳಿಯುತ್ತದೆ. ನೀವು ಹಣ ಕಟ್ಟಿ ನಿಶ್ಚಿಂತೆಯಾಗಿರುತ್ತೀರಿ, ಅಲ್ಲಿ ಅಮಾನತು ಹಾಗೆಯೇ ಮುಂದುವರಿದಿರುತ್ತದೆ. ಏನನ್ನು ಹೇಗೆ ಬರೆಯಬೇಕು ಎಂಬ ಸಂಶಯ ಬಂದರೆ ಪರವಾನಗಿ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಅದರಲ್ಲಿರುವಂತೆಯೇ ಬರೆಸಿ. ಹತ್ತು ದಿನ ಬಿಟ್ಟು ಡಿಎಂವಿಗೇ ಕರೆ ಮಾಡಿ ಸೇರಿದೆಯೇ ಎಂದು ಕೇಳಿ. ಎಸ್‌ಆರ್-22 ಒಂದರಿಂದಲೇ ಪರವಾನಗಿ ಮರಳುವುದಿಲ್ಲ ಎಂಬುದೂ ನೆನಪಿರಲಿ: ಡಿಯುಐ ತರಬೇತಿಗೆ ಸೇರಿದ ಪುರಾವೆ, 125 ಡಾಲರಿನ ಮರುವಿತರಣೆ ಶುಲ್ಕ, ನಿಮ್ಮ ಆದೇಶದಲ್ಲಿದ್ದರೆ ಉಸಿರು ಪರೀಕ್ಷಿಸಿ ಎಂಜಿನ್ ಚಾಲೂ ಮಾಡುವ ಯಂತ್ರ, ಇವೆಲ್ಲ ಸೇರಬೇಕು.

ಇನ್ನು ಕಾರು ಮಾರುವ ಯೋಚನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೋಡುವುದಕ್ಕೆ ಬಹಳ ಜಾಣತನದ ಉಪಾಯದಂತೆ ಕಾಣುತ್ತದೆ. ಕಾರಿಲ್ಲದವರಿಗೆ ‘ನಾನ್-ಓನರ್’ ಪಾಲಿಸಿ ಎಂಬುದಿದೆ. ಯಾವ ಕಾರೂ ತನ್ನದಲ್ಲದ, ಅಪರೂಪಕ್ಕೆ ಬಾಡಿಗೆಯದನ್ನೋ ಸ್ನೇಹಿತರದನ್ನೋ ಓಡಿಸುವ ವ್ಯಕ್ತಿಗೆ ಅದು ಹೊಣೆಗಾರಿಕೆಯ ವಿಮೆ ಕೊಡುತ್ತದೆ. ಬೆಲೆ ಕಡಿಮೆ, ಎಸ್‌ಆರ್-22 ಅದರ ಮೇಲೂ ಸಲ್ಲುತ್ತದೆ. ಒಂಟಿಯಾಗಿ ಕೋಣೆ ಹಿಡಿದು, ರೈಲಿನಲ್ಲಿ ಓಡಾಡುವ ಹುಡುಗರಿಗೆ ನಾನೇ ಇದನ್ನು ಹೇಳುತ್ತೇನೆ. ಆದರೆ ನಿಮ್ಮ ಮನೆಯಲ್ಲಿ ಇನ್ನೊಂದು ಕಾರಿದೆ. ಒಂದೇ ಸೂರಿನಡಿ ಇರುವ, ನಿಮ್ಮ ಕೈಗೆ ಯಾವಾಗಲೂ ಸಿಗುವ ಕಾರಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಅನೇಕ ಕಂಪನಿಗಳು ಮನೆಯಲ್ಲಿ ಕಾರಿದೆ ಎಂದು ತಿಳಿದರೆ ಇದನ್ನು ಕೊಡುವುದೂ ಇಲ್ಲ. ಇಲ್ಲವೆಂದು ಬರೆದುಕೊಟ್ಟು ಪಡೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಅಪಘಾತವಾದ ದಿನ ಕಂಪನಿ ಮೊದಲು ತೆರೆಯುವುದು ನೀವು ತುಂಬಿದ ಆ ಅರ್ಜಿಯನ್ನೇ.

ಹಾಗಾದರೆ ಹೆಂಡತಿಯ ಪಾಲಿಸಿ? ಮನೆಯಲ್ಲಿ ವಾಸವಿರುವ, ಪರವಾನಗಿ ವಯಸ್ಸಿನ ಪ್ರತಿಯೊಬ್ಬರ ಹೆಸರನ್ನೂ ಕಂಪನಿ ಕೇಳುತ್ತದೆ. ಅವರನ್ನು ಚಾಲಕರೆಂದು ಸೇರಿಸಬೇಕು, ಇಲ್ಲವೆ ಹೆಸರು ಹೇಳಿ ಹೊರಗಿಡಬೇಕು. ನಿಮ್ಮನ್ನು ಹೊರಗಿಟ್ಟರೆ ಹೆಂಡತಿಯ ಕಂತು ಏರುವುದಿಲ್ಲ. ಆದರೆ ಆಮೇಲೆ ನೀವು ಆ ಕಾರಿನ ಕೀಲಿ ಮುಟ್ಟುವಂತಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿಯೂ ಮುಟ್ಟುವಂತಿಲ್ಲ. ಹೊರಗಿಟ್ಟ ಚಾಲಕ ಓಡಿಸುವಾಗ ಏನಾದರೂ ಆದರೆ ಕಂಪನಿ ಒಂದು ಡಾಲರನ್ನೂ ಕೊಡುವುದಿಲ್ಲ, ಮತ್ತು ಕಾರಿನ ಒಡತಿಯಾದ ಅವರ ಮೇಲೂ ಹೊಣೆ ಬರುತ್ತದೆ. ಮನೆಯೆಂದ ಮೇಲೆ ಅಂತಹ ರಾತ್ರಿಗಳು ಬರುತ್ತವೆ, ಆದ್ದರಿಂದ ನಾನು ಸಾಮಾನ್ಯವಾಗಿ ದಂಪತಿಗೆ ಕೊಡುವ ಸಲಹೆ ಇದು: ಎಸ್‌ಆರ್-22 ಸಲ್ಲಿಸುವ ಕಂಪನಿಯೊಂದರಲ್ಲಿ ಇಬ್ಬರ ಹೆಸರೂ ಇರುವ ಒಂದೇ ಪಾಲಿಸಿ ಮಾಡಿಸಿ, ನಿಮ್ಮ ಹೆಸರಿನ ಪ್ರಮಾಣಪತ್ರವನ್ನು ಅದರ ಮೇಲೆ ಸಲ್ಲಿಸಿ. ಹಣ ಹೆಚ್ಚಾಗುತ್ತದೆ. ಹೆಚ್ಚಾಗುವುದು ಎಷ್ಟು ಎಂಬುದನ್ನು ಇಬ್ಬರೂ ಕುಳಿತು ನೋಡಿ, ಆಮೇಲೆ ಒಂದು ಕಾರು ಸಾಕೋ ಎರಡು ಬೇಕೋ ಎಂದು ತೀರ್ಮಾನಿಸಿ.

ಇಬ್ಬರೂ ಕುಳಿತು ಎಂದೆ. ಈ ಪತ್ರವನ್ನು ಅವರಿಂದ ಮುಚ್ಚಿಡಬೇಡಿ. ಪ್ರಕರಣವನ್ನೇ ತಿಳಿದು ಜೊತೆಗೆ ನಿಂತವರು ಒಂದು ವಿಮಾ ಕಾಗದಕ್ಕೆ ಮುಖ ತಿರುಗಿಸುವುದಿಲ್ಲ. ಆದರೆ ನವೀಕರಣದ ಬಿಲ್ಲಿನಲ್ಲಿ ಮೊದಲ ಬಾರಿಗೆ ಇದನ್ನು ಕಂಡರೆ ಅವರಿಗೆ ನೋವಾಗುತ್ತದೆ, ಅದು ನ್ಯಾಯವೂ ಹೌದು. ನೀವು ಹಾಸನದಲ್ಲಿರುವ ಎರಡು ತಿಂಗಳು ಅಂಚೆ ಪೆಟ್ಟಿಗೆ ತೆರೆಯುವವರೂ ಅವರೇ ಅಲ್ಲವೇ?

ಈಗ ಮತ್ತೆ ಹಾಸನದ ಪ್ರಯಾಣ. ಕೆಲವು ವರ್ಷಗಳ ಹಿಂದೆ ನನ್ನ ಗ್ರಾಹಕರೊಬ್ಬರು ತಾಯಿಯ ಅನಾರೋಗ್ಯಕ್ಕೆಂದು ಶಿವಮೊಗ್ಗಕ್ಕೆ ಹೋದರು. ಎಸ್‌ಆರ್-22ರ ಎರಡು ವರ್ಷ ಮುಗಿದಿತ್ತು, ಒಂದು ವರ್ಷ ಬಾಕಿ. ಕಂತು ತಾನಾಗಿ ಕಡಿತವಾಗುತ್ತದೆ ಎಂಬ ಧೈರ್ಯ. ಆದರೆ ಆ ತಿಂಗಳಲ್ಲೇ ಅವರ ಡೆಬಿಟ್ ಕಾರ್ಡಿನ ಅವಧಿ ಮುಗಿದು ಬ್ಯಾಂಕ್ ಹೊಸದನ್ನು ಕಳುಹಿಸಿತ್ತು. ಕಂತು ನಿಂತಿತು. ಕಂಪನಿ ಕಳುಹಿಸಿದ ಎಚ್ಚರಿಕೆಯ ಪತ್ರ ಇಲ್ಲಿಯ ಅಂಚೆ ಪೆಟ್ಟಿಗೆಯಲ್ಲಿ ಉಳಿಯಿತು, ಇಮೇಲ್ ಜಾಹೀರಾತುಗಳ ಕಡತ ಸೇರಿತು. ಮರಳಿ ಬಂದ ಎರಡನೆಯ ವಾರ, ಹಿಂದಿನ ಕೆಂಪು ದೀಪ ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದಾಗಲೇ ತಮ್ಮ ಪರವಾನಗಿ ಅಮಾನತಾಗಿರುವುದು ಅವರಿಗೆ ತಿಳಿದದ್ದು. ಅಮಾನತಾದ ಪರವಾನಗಿಯಲ್ಲಿ ಓಡಿಸುವವರ ವಾಹನವನ್ನು ಇಲ್ಲಿ 30 ದಿನ ವಶದಲ್ಲಿಟ್ಟುಕೊಳ್ಳಬಹುದು. ಅವರ ಕಾರನ್ನು ಎಳೆದುಕೊಂಡು ಹೋದರು. ಮತ್ತೆ ನ್ಯಾಯಾಲಯ, ಮತ್ತೆ ಶುಲ್ಕ, ಮತ್ತೆ ಎಸ್‌ಆರ್-22. ಕುಡಿದದ್ದು ಒಂದು ರಾತ್ರಿಯ ತಪ್ಪು. ಆದರೆ ಈ ಎರಡನೆಯ ಪೆಟ್ಟಿಗೆ ಕಾರಣ ಒಂದು ಕಾರ್ಡಿನ ಮೇಲಿನ ತಿಂಗಳು ಮತ್ತು ವರ್ಷ. ಹೊರಡುವ ಮುನ್ನ ಅವರೊಮ್ಮೆ ನನಗೆ ಕರೆ ಮಾಡಿದ್ದರೆ ತಪ್ಪುತ್ತಿತ್ತಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಆದ್ದರಿಂದ ಜೂನ್ ತಿಂಗಳಲ್ಲೇ ಪಾಲಿಸಿಯ ಅವಧಿ ನೋಡಿ. ಬಹುತೇಕ ಪಾಲಿಸಿಗಳು ಆರು ತಿಂಗಳವು. ನವೀಕರಣದ ದಿನ ನೀವು ಊರಲ್ಲಿರುವಾಗ ಬರುತ್ತದೆಯೇ ಎಂದು ಪರೀಕ್ಷಿಸಿ. ಕೈಯಲ್ಲಿ ಆದರೆ ಇಡೀ ಅವಧಿಯ ಹಣವನ್ನು ಒಮ್ಮೆಗೇ ಕಟ್ಟಿಬಿಡಿ. ಅಂಚೆ ಇಲಾಖೆಗೆ ಪತ್ರಗಳನ್ನು ತಡೆಹಿಡಿಯಲು ಹೇಳಿದರೆ ಗರಿಷ್ಠ 30 ದಿನ ಮಾತ್ರ ಹಿಡಿಯುತ್ತಾರೆ, ಎರಡು ತಿಂಗಳಿಗೆ ಸಾಲದು. ಬಂದದ್ದನ್ನು ತೆರೆದು ಓದಿ ಹೇಳುವ ಒಬ್ಬರು ಇಲ್ಲಿರಬೇಕು. ಮನೆ ಬದಲಿಸಿದ್ದರೆ ಹತ್ತು ದಿನದೊಳಗೆ ಡಿಎಂವಿಗೆ ವಿಳಾಸ ತಿಳಿಸುವುದು ಕಾನೂನೇ ಆಗಿದೆ. ಹಳೆಯ ವಿಳಾಸಕ್ಕೆ ಹೋದ ನೋಟಿಸು ನನಗೆ ಸಿಗಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕೆಲವರು ಇನ್ನೂ ಒಂದು ದಾರಿ ಹುಡುಕುತ್ತಾರೆ. ಕಾರು ಓಡಿಸುವುದಿಲ್ಲವೆಂದು ಡಿಎಂವಿಗೆ ಪಿಎನ್ಒ (ಪ್ಲಾನ್ಡ್ ನಾನ್-ಆಪರೇಷನ್) ಎಂಬ ಹೇಳಿಕೆ ಸಲ್ಲಿಸಿ, ಮನೆಯ ಅಂಗಳದಲ್ಲಿ ನಿಲ್ಲಿಸಿ, ವಿಮೆ ತೆಗೆದುಬಿಡಬಹುದಲ್ಲವೇ ಎಂದು. ಕಾರಿನ ಮಟ್ಟಿಗೆ ಅದು ಸರಿ. ಆದರೆ ಎಸ್‌ಆರ್-22 ಇರುವುದು ನಿಮ್ಮ ಪರವಾನಗಿಯ ಮೇಲೆ ಎಂದು ಆಗಲೇ ಹೇಳಿದೆ. ಕಳ್ಳತನ, ಬೆಂಕಿಗೆ ಮಾತ್ರ ಸೀಮಿತವಾದ ವಿಮೆ ಇಟ್ಟುಕೊಂಡರೂ ಸಾಲದು. ಬೇರೆಯವರಿಗೆ ಆಗುವ ನಷ್ಟದ ಹೊಣೆ ಹೊರುವ ಭಾಗ ತೆಗೆದ ಕ್ಷಣ ಎಸ್‌ಆರ್-26 ಹೊರಡುತ್ತದೆ. ನೀವು ಸಾವಿರಾರು ಮೈಲಿ ದೂರದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರೂ ಇಲ್ಲಿ ವಿಮೆ ನಡೆಯುತ್ತಿರಬೇಕು.

ವೀಸಾದ ವಿಷಯದಲ್ಲಿ ನಾನು ವಕೀಲನಲ್ಲ, ಆದರೂ ಇಷ್ಟು ಹೇಳಬಲ್ಲೆ. ಎಸ್‌ಆರ್-22 ಬಗ್ಗೆ ವೀಸಾ ಅಧಿಕಾರಿಗಳು ಕೇಳುವುದಿಲ್ಲ. ಅವರಿಗೆ ಮುಖ್ಯವಾಗುವುದು ಬಂಧನ. ಡಿಯುಐ ಬಂಧನವಾದವರ ವೀಸಾ ಮುದ್ರೆಯನ್ನು ಅಮೆರಿಕದ ವಿದೇಶಾಂಗ ಇಲಾಖೆ ರದ್ದು ಮಾಡಬಹುದು. ಶಿಕ್ಷೆಯಾಗುವವರೆಗೆ ಕಾಯಬೇಕೆಂದೂ ಇಲ್ಲ. ಹಾಗೆ ರದ್ದಾದರೂ ಇಲ್ಲಿದ್ದು ಕೆಲಸ ಮಾಡುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ದೇಶದಿಂದ ಹೊರಗೆ ಕಾಲಿಟ್ಟ ಮೇಲೆ ಮಾತ್ರ ಹಳೆಯ ಮುದ್ರೆಯಲ್ಲಿ ಮರಳಲಾಗುವುದಿಲ್ಲ. ಹೊಸ ಅರ್ಜಿ ಹಾಕಬೇಕು, ಅದರಲ್ಲಿ ಬಂಧನದ ಪ್ರಶ್ನೆಗೆ ಹೌದು ಎಂದೇ ಉತ್ತರಿಸಬೇಕು. ಕಳೆದ ಐದು ವರ್ಷದೊಳಗೆ ಮದ್ಯಕ್ಕೆ ಸಂಬಂಧಿಸಿದ ಬಂಧನವಿದ್ದರೆ ನಿಗದಿತ ವೈದ್ಯರ ಬಳಿ ಪರೀಕ್ಷೆಗೂ ಕಳುಹಿಸುತ್ತಾರೆ. ಇದಕ್ಕೆಲ್ಲ ವಾರಗಳು ಹಿಡಿಯುತ್ತವೆ. ನಿಮ್ಮ ಎರಡು ತಿಂಗಳು ಮೂರೋ ನಾಲ್ಕೋ ಆದರೆ ಉದ್ಯೋಗವೂ ವಿಮೆಯ ನವೀಕರಣವೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಟಿಕೆಟ್ ತೆಗೆಯುವ ಮೊದಲೇ ವಲಸೆ ವಕೀಲರೊಬ್ಬರಿಗೆ ನ್ಯಾಯಾಲಯದ ಎಲ್ಲ ಕಾಗದ ತೋರಿಸಿ, ವೀಸಾ ರದ್ದಾದ ಸೂಚನೆ ಬಂದಿದೆಯೇ ಎಂದು ವೀಸಾ ಅರ್ಜಿಯಲ್ಲಿ ಕೊಟ್ಟಿದ್ದ ಹಳೆಯ ಇಮೇಲ್ ಪೆಟ್ಟಿಗೆಯನ್ನೂ ತೆರೆದು ನೋಡಿ.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಬಿಡಲಾರೆ. ಪಾಲಿಸಿ ಮಾಡಿಸುವಾಗ ಕನಿಷ್ಠ ಮೊತ್ತಕ್ಕೆ ನಿಲ್ಲಬೇಡಿ. ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ 2025ರ ಜನವರಿ 1ರಿಂದ ಏರಿದೆ: ಒಬ್ಬ ವ್ಯಕ್ತಿಯ ಗಾಯ ಅಥವಾ ಸಾವಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000, ಆಸ್ತಿ ಹಾನಿಗೆ 15,000. ಅದಕ್ಕೂ ಮೊದಲು 15,000, 30,000 ಮತ್ತು 5,000 ಇತ್ತು. ಏರಿದ ಮೇಲೂ ಇದು ಸಣ್ಣ ಮೊತ್ತ. ನಿಮ್ಮ ಬೀದಿಯಲ್ಲಿ ನಿಂತಿರುವ ಕಾರುಗಳಲ್ಲಿ ಹದಿನೈದು ಸಾವಿರಕ್ಕೆ ಸಿಗುವಂಥವು ಎಷ್ಟಿವೆ ನೋಡಿ. ಕಾಲು ಮುರಿದು ಎರಡು ಬಾರಿ ಶಸ್ತ್ರಚಿಕಿತ್ಸೆಯಾದವರಿಗೆ ಮೂವತ್ತು ಸಾವಿರ ಯಾವ ಮೂಲೆಗೆ? ಉಳಿದದ್ದಕ್ಕೆ ಅವರು ನಿಮ್ಮ ಸಂಬಳ, ಉಳಿತಾಯದ ಮೇಲೆ ದಾವೆ ಹೂಡಬಹುದು. ಅದಕ್ಕಿಂತ ಹೆಚ್ಚಾಗಿ, ನಮ್ಮಿಂದ ಗಾಯಗೊಂಡವರು ಪೂರ್ತಿ ಚಿಕಿತ್ಸೆ ಇಲ್ಲದೆ ಉಳಿಯುವಂತಾಗಬಾರದು. ಒಂದು ಲಕ್ಷ, ಮೂರು ಲಕ್ಷದ ಮಿತಿಗೆ ದರ ಕೇಳಿ. ಮೊತ್ತ ಮೂರುಪಟ್ಟಿಗಿಂತ ಹೆಚ್ಚಾದರೂ ಕಂತು ಅದೇ ಪ್ರಮಾಣದಲ್ಲಿ ಏರುವುದಿಲ್ಲ.

ಮುಂದೆ ಬೇರೆ ರಾಜ್ಯಕ್ಕೆ ಕೆಲಸ ಬದಲಾದರೆ ಕ್ಯಾಲಿಫೋರ್ನಿಯಾದ ಬೇಡಿಕೆ ತಾನಾಗಿ ಬಿಟ್ಟುಹೋಗುವುದಿಲ್ಲ, ಮತ್ತು ಹೆಚ್ಚಿನ ರಾಜ್ಯಗಳು ಚಾಲಕರ ದಾಖಲೆ ಹಂಚಿಕೊಳ್ಳುತ್ತವೆ. ನಿಯಮಗಳು ಮಾತ್ರ ಒಂದೇ ಇಲ್ಲ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಎರಡು ವರ್ಷ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಎಸ್‌ಆರ್-22 ಪದ್ಧತಿ ಇಲ್ಲ. ಫ್ಲಾರಿಡಾ ಮತ್ತು ವರ್ಜೀನಿಯಾಗಳಲ್ಲಿ ಡಿಯುಐ ಆದವರಿಗೆ ಎಫ್‌ಆರ್-44 ಎಂಬ ಇನ್ನೂ ಭಾರದ ಪ್ರಮಾಣಪತ್ರ. ಫ್ಲಾರಿಡಾದಲ್ಲಿ ಅದಕ್ಕೆ 1,00,000, 3,00,000 ಮತ್ತು 50,000 ಡಾಲರಿನ ಮಿತಿಗಳಿರಬೇಕು. ಅಲ್ಲಿರುವ ನಮ್ಮ ಓದುಗರು ಈ ಉತ್ತರದಲ್ಲಿನ ಕ್ಯಾಲಿಫೋರ್ನಿಯಾದ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಇದು ಎಷ್ಟು ದಿನ ಇರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮಂತಹ ಮೊದಲ ಪ್ರಕರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಆದರೆ ಯಾವ ದಿನದಿಂದ ಎಣಿಕೆ ಎಂಬುದನ್ನು ನೀವಾಗಿ ಲೆಕ್ಕ ಹಾಕಬೇಡಿ. ಬಂಧನದ ದಿನ, ತೀರ್ಪಿನ ದಿನ, ಸಲ್ಲಿಕೆಯ ದಿನ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂತಿಮವಾದದ್ದು ಡಿಎಂವಿಯ ಕಡತದಲ್ಲಿರುವ ದಿನಾಂಕ. ಅದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಡುವೆ ವಿಮೆ ಕಡಿದರೆ ಕೆಲವು ರಾಜ್ಯಗಳಲ್ಲಿ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ದಿನ ಬಂದಾಗ ಇನ್ನೊಮ್ಮೆ ಡಿಎಂವಿಯಿಂದ ಖಚಿತಪಡಿಸಿಕೊಂಡು, ಆಮೇಲೆ ಕಂಪನಿಗೆ ಎಸ್‌ಆರ್-22 ತೆಗೆಯಲು ಲಿಖಿತವಾಗಿ ಹೇಳಿ. ಕಾಗದದಲ್ಲಿ ಮುಗಿಯುವ ದಿನಾಂಕವಿಲ್ಲದ ಕಾರಣ ನೀವು ಹೇಳುವವರೆಗೆ ಅದು ಪಾಲಿಸಿಯ ಜೊತೆ ಸುಮ್ಮನೆ ಮುಂದುವರಿಯುತ್ತಿರುತ್ತದೆ.

ಈ ವಾರ ಮಾಡಬೇಕಾದ್ದು ಪತ್ರವನ್ನು ಪರ್ಸಿನಿಂದ ತೆಗೆದು ಮನೆಯ ಮೇಜಿನ ಮೇಲೆ ಬಿಡಿಸುವುದು, ಇಬ್ಬರ ಪರವಾನಗಿ ಹಾಗೂ ಈಗಿರುವ ಪಾಲಿಸಿಗಳ ಪ್ರತಿಯೊಂದಿಗೆ ಬ್ರೋಕರ್ ಒಬ್ಬರನ್ನು ಕಾಣುವುದು. ತಂದೆಯವರ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಲಿ.